ಜೆಟ್ ಫೋಟೋ ಅಸಲಿಯೋ ನಕಲಿಯೋ: ಕಾರು ಹುಚ್ಚರ ಜಗಳ ಬಗೆಹರಿಸುವ ಬಗೆ

ಕಾರಿನ ಹುಚ್ಚಿರುವ ನಾಲ್ಕು ಜನ ಸೇರಿದರೆ ಮಾತು ಎಂಜಿನ್‌ನಿಂದ ಶುರುವಾಗಿ ಹೇಗೋ ಜೆಟ್ ವಿಮಾನಕ್ಕೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಯಾರೋ ಒಂದು ಫೋಟೋ ತೋರಿಸುತ್ತಾರೆ. ಕೆಳಗೆ ಕಾರು, ಅದರ ಟಾಪ್ ಸವರಿಕೊಂಡು ಹೋಗುತ್ತಿರುವ ಫೈಟರ್ ಜೆಟ್. "ಗುರು, ಪಕ್ಕಾ ಎಡಿಟ್" ಅನ್ನುತ್ತಾನೆ ಒಬ್ಬ. "ಲೇ, ಪೈಲಟ್‌ಗಳು ಇದಕ್ಕಿಂತ ಕೆಳಗೆ ಹಾರಿಸ್ತಾರೆ, ಸುಮ್ನಿರು" ಅನ್ನುತ್ತಾನೆ ಇನ್ನೊಬ್ಬ. ಆಮೇಲೆ ಅರ್ಧ ಗಂಟೆ ಇದೇ ಎರಡು ಮಾತು, ದನಿ ಮಾತ್ರ ಏರುತ್ತಾ ಹೋಗುತ್ತದೆ.

ಜಗಳ ಆಡಬಾರದು ಅಂತ ನಾನು ಹೇಳುವುದಿಲ್ಲ. ಇದರಷ್ಟು ಮಜಾ ಕೊಡುವ ಜಗಳ ಕಡಿಮೆ. ಆದರೆ ಅದಕ್ಕೊಂದು ಕ್ರಮ ಇದ್ದರೆ ಮಜಾ ಹೆಚ್ಚುತ್ತದೆ. ಕಾರಿನವರಿಗೆ ಇಲ್ಲೊಂದು ಅನುಕೂಲವೂ ಇದೆ. ಚಕ್ರ ಎಷ್ಟು ಮಸುಕಾಗಿದೆ ಎಂದು ನೋಡಿ ಕಾರು ಓಡುತ್ತಿತ್ತೋ ನಿಂತಿತ್ತೋ ಹೇಳುವ ಕಣ್ಣು ನಿಮಗೆ ಆಗಲೇ ಪಳಗಿದೆ. ಅದೇ ಕಣ್ಣನ್ನು ಸ್ವಲ್ಪ ಮೇಲಕ್ಕೆತ್ತಬೇಕು, ಅಷ್ಟೆ.

ಮೊದಲು, ಜಗಳ ಯಾವುದರ ಬಗ್ಗೆ ಅಂತ ಇತ್ಯರ್ಥ ಮಾಡಿ

"ಫೇಕ್" ಎನ್ನುವ ಒಂದೇ ಪದದೊಳಗೆ ಕನಿಷ್ಠ ನಾಲ್ಕು ಆರೋಪಗಳಿರುತ್ತವೆ. ಎರಡು ಫೋಟೋ ಸೇರಿಸಿ ಅಂಟಿಸಿದ್ದು ಒಂದು. ಗೇಮ್‌ನಿಂದಲೋ ಎಐನಿಂದಲೋ ಹುಟ್ಟಿದ್ದು ಇನ್ನೊಂದು. ಫೋಟೋ ಅಸಲಿ, ಆದರೆ ಬಣ್ಣ ಏರಿಸಿ, ಅಂಚು ಕತ್ತರಿಸಿ ನಾಟಕೀಯ ಮಾಡಿದ್ದು ಮೂರನೆಯದು. ಫೋಟೋ ನೂರಕ್ಕೆ ನೂರು ಅಸಲಿ, ಕೆಳಗೆ ಬರೆದ ಕಥೆ ಮಾತ್ರ ಸುಳ್ಳು ಎನ್ನುವುದು ನಾಲ್ಕನೆಯದು. ನಾನು ನೋಡಿರುವ ಜಗಳಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಈ ನಾಲ್ಕನೆಯದಕ್ಕೇ. ಅಂದರೆ ಇಬ್ಬರೂ ಸರಿ, ಇಬ್ಬರೂ ಅರ್ಧ ತಪ್ಪು.

1999ರ ಜುಲೈ 7ರಂದು ಅಮೆರಿಕದ ನೌಕಾಪಡೆಯ ಜಾನ್ ಗೇ ಎಂಬುವವರು ಯುಎಸ್‌ಎಸ್ ಕಾನ್‌ಸ್ಟಲೇಷನ್ ಹಡಗಿನ ಮೇಲಿಂದ ಎಫ್/ಎ-18 ಹಾರ್ನೆಟ್‌ನ ಒಂದು ಚಿತ್ರ ತೆಗೆದರು. ಜೆಟ್ಟಿನ ಸುತ್ತ ಬಿಳಿ ಮೋಡದ ದೊಡ್ಡ ಛತ್ರಿ. ಎಲ್ಲೆಡೆ ಓಡಾಡುವ ಈ ಚಿತ್ರ ಅಪ್ಪಟ ಅಸಲಿ, ವರ್ಲ್ಡ್ ಪ್ರೆಸ್ ಫೋಟೋ ಬಹುಮಾನವೂ ಬಂತು. ಆದರೆ ಅದರ ಜೊತೆ ಬರುವ "ಶಬ್ದದ ಗೋಡೆ ಒಡೆದ ಕ್ಷಣ" ಎನ್ನುವ ಮಾತನ್ನು ಹಾಗೇ ನುಂಗಬಾರದು. ತೇವ ತುಂಬಿದ ಗಾಳಿಯಲ್ಲಿ ಜೆಟ್ ಶಬ್ದದ ವೇಗದ ಹತ್ತಿರ ಬಂದಾಗ ಅದರ ಮೈ ಸುತ್ತ ಒತ್ತಡ ಕುಸಿದು, ಗಾಳಿ ತಣ್ಣಗಾಗಿ, ತೇವ ಹನಿಯಾಗುತ್ತದೆ. ಆ ವೇಗವನ್ನು ದಾಟದೆಯೂ ಈ ಮೋಡ ಕಟ್ಟುತ್ತದೆ. ಹಾಗಾಗಿ ಮೋಡ ಕಂಡ ಮಾತ್ರಕ್ಕೆ ಸೂಪರ್‌ಸಾನಿಕ್ ಅಲ್ಲ, ಫೋಟೋಶಾಪ್ ಕೂಡ ಅಲ್ಲ.

ವಾದಕ್ಕೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ಒಂದು ವಾಕ್ಯ ಹೇಳಬೇಕೆಂದು ಪಟ್ಟು ಹಿಡಿಯಿರಿ: "ಈ ಫೋಟೋದಲ್ಲಿ ಇಂಥದ್ದು ಸುಳ್ಳು, ಯಾಕೆಂದರೆ ಇಂಥ ಗುರುತು." "ಏನೋ ಸರಿ ಇಲ್ಲ ಅನ್ಸುತ್ತೆ" ಎನ್ನುವುದು ಲೆಕ್ಕಕ್ಕಿಲ್ಲ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಕೇಳಿ: "ಏನು ತೋರಿಸಿದರೆ ನೀನು ಒಪ್ತೀಯ?" ಏನು ತೋರಿಸಿದರೂ ಒಪ್ಪದವನ ಜೊತೆ ಟಯರ್ ಬಗ್ಗೆ ಮಾತಾಡುವುದು ಮೇಲು.

ಮೂಲ ಹುಡುಕಿ

ಪಿಕ್ಸೆಲ್ ಎಣಿಸುವ ಮುಂಚೆ ಮಾಡಬೇಕಾದ ಕೆಲಸ ಇದು, ಬೇಸರದ್ದು. ಗೂಗಲ್ ಲೆನ್ಸ್, ಟಿನ್‌ಐ, ಯಾಂಡೆಕ್ಸ್ ಮೂರರಲ್ಲೂ ಚಿತ್ರ ಹಾಕಿ ಹುಡುಕಿ. ಎರಡು ಪ್ರತಿ ಸಿಗಬೇಕು: ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ದೊಡ್ಡದು. ಹಳೆಯದು ಕಥೆ ಹೇಳುತ್ತದೆ, ದೊಡ್ಡದು ವಿವರ ತೋರಿಸುತ್ತದೆ. ಬಾಲದ ಮೇಲಿನ ನಂಬರ್ ಓದಲು ಬಂದರೆ ಜೆಟ್‌ಫೋಟೋಸ್, ಏರ್‌ಲೈನರ್ಸ್ ಡಾಟ್ ನೆಟ್ ತರಹದ ಸಂಗ್ರಹಗಳಲ್ಲಿ ಅದೇ ವಿಮಾನದ ಬೇರೆ ಫೋಟೋಗಳು ಸಿಗಬಹುದು. ಅಮೆರಿಕದ ಸೇನೆಯ ಚಿತ್ರವಾದರೆ ಡಿವಿಡ್ಸ್ ಎಂಬ ಸರ್ಕಾರಿ ಸಂಗ್ರಹ ಇದೆ, ತೆಗೆದವರ ಹೆಸರು, ದಿನಾಂಕ ಸಮೇತ.

ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋದಂತೆ ಬಂದದ್ದರಲ್ಲಿ ಕ್ಯಾಮೆರಾ ಮಾಹಿತಿ ಹುಡುಕಬೇಡಿ, ದಾರಿಯಲ್ಲೇ ಕಳಚಿ ಹೋಗಿರುತ್ತದೆ. ಅದು ಇಲ್ಲದಿರುವುದು ಯಾವುದರ ಸಾಕ್ಷಿಯೂ ಅಲ್ಲ.

ಹುಡುಕುವಾಗ ಒಟ್ಟು ಚಿತ್ರವನ್ನು ಮಾತ್ರವಲ್ಲ, ಜೆಟ್ಟನ್ನಷ್ಟೇ ಕತ್ತರಿಸಿಯೂ ಹುಡುಕಿ. 2013ರ ಫೆಬ್ರವರಿಯಲ್ಲಿ ಇರಾನ್ ತನ್ನ ಖಾಹೆರ್-313 ಫೈಟರ್ ತೋರಿಸಿದ ಮೇಲೆ, ಅದು ದಮಾವಂದ್ ಪರ್ವತದ ಮೇಲೆ ಹಾರುತ್ತಿರುವ ಚಿತ್ರವೊಂದು ಓಡಾಡಿತು. ಜನ ಪತ್ತೆ ಹಚ್ಚಿದ್ದು ಸರಳವಾಗಿ. ಹಾರುತ್ತಿದೆ ಎನ್ನಲಾದ ವಿಮಾನದ ಕೋನ, ಮೈಮೇಲಿನ ಬೆಳಕಿನ ಹೊಳಪು, ಎಲ್ಲವೂ ನೆಲದ ಮೇಲೆ ಪ್ರದರ್ಶನಕ್ಕಿಟ್ಟಾಗ ತೆಗೆದ ಚಿತ್ರದಲ್ಲಿದ್ದ ಹಾಗೇ ಇತ್ತು.

ಚಕ್ರ ನೋಡಿ, ಆಮೇಲೆ ರೆಕ್ಕೆ ನೋಡಿ

ಇದು ಕಾರಿನವರ ಸ್ವಂತ ಅಖಾಡ, ಇಲ್ಲಿ ಸಾವಕಾಶವಾಗಿ ನಿಲ್ಲಿ.

100 ಕಿ.ಮೀ. ವೇಗದಲ್ಲಿ ಓಡುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಚಕ್ರದ ಸುತ್ತಳತೆ 2 ಮೀಟರ್ ಎಂದರೆ ಸೆಕೆಂಡಿಗೆ 14 ಸುತ್ತು. ಕ್ಯಾಮೆರಾದೊಳಕ್ಕೆ ಬೆಳಕು ಬಿಡುವ ಶಟರ್ 1/1000 ಸೆಕೆಂಡ್ ತೆರೆದಿದ್ದರೆ ಚಕ್ರ ತಿರುಗಿರುವುದು ಬರೀ 5 ಡಿಗ್ರಿ, ಅಲಾಯ್ ಕಡ್ಡಿಗಳು ನಿಂತಂತೆ ಕಾಣುತ್ತವೆ. 1/60 ಸೆಕೆಂಡ್ ತೆರೆದಿದ್ದರೆ ಹತ್ತಿರ ಹತ್ತಿರ ಕಾಲು ಸುತ್ತು, ಕಡ್ಡಿಗಳು ಕರಗಿ ಬಿಲ್ಲೆಯಾಗುತ್ತವೆ. ಅಂದರೆ ಚಕ್ರವೇ ನಿಮಗೆ ಶಟರ್ ವೇಗ ಹೇಳಿಬಿಡುತ್ತದೆ.

ಈಗ ಜೆಟ್‌ಗೆ ಬನ್ನಿ. ಗಂಟೆಗೆ 900 ಕಿ.ಮೀ. ಎಂದರೆ ಸೆಕೆಂಡಿಗೆ 250 ಮೀಟರ್. ಕ್ಯಾಮೆರಾ ಅಲ್ಲಾಡದೆ ನಿಂತಿದ್ದು, 1/1000 ಸೆಕೆಂಡಿನಲ್ಲಿ ತೆಗೆದರೆ ಜೆಟ್ 25 ಸೆಂ.ಮೀ. ಸರಿದಿರುತ್ತದೆ. ಎಫ್-16ರ ಉದ್ದ ಸುಮಾರು 15 ಮೀಟರ್. ಚಿತ್ರದಲ್ಲಿ ಅದು 600 ಪಿಕ್ಸೆಲ್ ಉದ್ದ ಕಾಣುತ್ತಿದ್ದರೆ, ಅಡ್ಡಕ್ಕೆ ಸುಮಾರು 10 ಪಿಕ್ಸೆಲ್ ಮಸುಕು ಇರಲೇಬೇಕು. 1/4000ಕ್ಕೆ ತೆಗೆದಿದ್ದರೆ ಎರಡೂವರೆ ಪಿಕ್ಸೆಲ್, ಕಣ್ಣಿಗೆ ಬೀಳದಷ್ಟು. ಆದ್ದರಿಂದ ಚಕ್ರದ ಕಡ್ಡಿ ಕರಗಿ ಹೋಗಿ, ನಿಂತ ಮರ, ಕಂಬ ಚೂಪಾಗಿದ್ದು, ಜೆಟ್ಟಿನ ರಿವೆಟ್ ಕೂಡ ಎಣಿಸುವಷ್ಟು ಸ್ಪಷ್ಟವಾಗಿದ್ದರೆ ನಿಮ್ಮ ಅನುಮಾನಕ್ಕೆ ಗಟ್ಟಿ ನೆಲ ಸಿಕ್ಕಿತು.

"ಇಲ್ಲ ಗುರು, ಪ್ಯಾನ್ ಮಾಡಿ ತೆಗೆದಿದ್ದು" ಎಂದು ಎದುರು ಪಾರ್ಟಿ ಹೇಳುತ್ತದೆ. ಒಳ್ಳೆಯ ಮಾತು, ಉತ್ತರ ಕೊಡಲೇಬೇಕು. ಕಾರನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸಿದಾಗ ಜೆಟ್ಟೂ ಚೂಪಾಗಿ ಬರಬೇಕೆಂದರೆ ಎರಡೂ ಕ್ಯಾಮೆರಾದ ಕಣ್ಣಿಗೆ ಒಂದೇ ವೇಗದಲ್ಲಿ ಸರಿಯುತ್ತಿರಬೇಕು. ಜೆಟ್ 9 ಪಟ್ಟು ವೇಗವಾದರೆ 9 ಪಟ್ಟು ದೂರದಲ್ಲಿರಬೇಕು. ಕಾರು 20 ಮೀಟರ್ ದೂರದಲ್ಲಿದ್ದರೆ ಜೆಟ್ 180 ಮೀಟರ್ ದೂರ. ಆ ದೂರದಲ್ಲಿ 15 ಮೀಟರ್ ಜೆಟ್ ಎಷ್ಟು ಉದ್ದ ಕಾಣುತ್ತದೆ? ಕಾರಿನ ಪಕ್ಕ ಇಟ್ಟ 1.7 ಮೀಟರ್ ವಸ್ತುವಿನಷ್ಟು, ಅಂದರೆ 4.5 ಮೀಟರ್ ಕಾರಿನ ಅರ್ಧವೂ ಇಲ್ಲ. ಚಿತ್ರದಲ್ಲಿ ಜೆಟ್ ಕಾರಿಗಿಂತ ದೊಡ್ಡದಾಗಿ, ಎರಡೂ ಚೂಪಾಗಿ, ಹಿನ್ನೆಲೆ ಮಾತ್ರ ಗೆರೆಗೆರೆಯಾಗಿದ್ದರೆ ಪ್ಯಾನಿಂಗ್ ಕಥೆ ನಿಲ್ಲುವುದಿಲ್ಲ.

ಇದಕ್ಕೂ ಒಂದು ತಪ್ಪಿಸಿಕೊಳ್ಳುವ ದಾರಿ ಇದೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಜೆಟ್ 900ರಲ್ಲೇ ಹಾರಬೇಕೆಂದು ಯಾರೂ ಹೇಳಿಲ್ಲ. ಚಕ್ರ ಇಳಿಸಿ, ಫ್ಲ್ಯಾಪ್ ಬಿಟ್ಟು ನಿಧಾನಕ್ಕೆ ಹೋಗುವಾಗ ಗಂಟೆಗೆ 250 ಕಿ.ಮೀ. ಆಸುಪಾಸಿಗೂ ಬರುತ್ತದೆ. ಆಗ ಲೆಕ್ಕ ಎರಡೂವರೆ ಪಟ್ಟಿಗೆ ಇಳಿದು, ಜೆಟ್ 50 ಮೀಟರ್ ದೂರದಲ್ಲಿದ್ದರೂ ಸಾಕು. ಹಾಗಾಗಿ ಮೊದಲು ನೋಡಬೇಕಾದ್ದು ಜೆಟ್ಟಿನ ಚಕ್ರ ಹೊರಗಿದೆಯೋ ಒಳಗಿದೆಯೋ ಎಂದು.

ದೂರದ ಲೆಕ್ಕ ಹಾಕಿ

ಟೆಲಿ ಲೆನ್ಸ್ ದೂರದ ವಸ್ತುಗಳನ್ನು ಹತ್ತಿರ ಎಳೆದು ಅಂಟಿಸಿದಂತೆ ಮಾಡುತ್ತದೆ. ಇದು ಎಲ್ಲರಿಗೂ ಗೊತ್ತು, ಜಗಳದ ಬಿಸಿಯಲ್ಲಿ ಮರೆಯುತ್ತಾರೆ. ಚಿತ್ರದಲ್ಲಿ ಕಾರು, ಜೆಟ್ ಎರಡೂ ಒಂದೇ ಉದ್ದ ಕಂಡರೆ ಜೆಟ್ ಸುಮಾರು 3.3 ಪಟ್ಟು ದೂರದಲ್ಲಿದೆ, ಯಾಕೆಂದರೆ 15 ಮೀಟರನ್ನು 4.5ರಿಂದ ಭಾಗಿಸಿದರೆ ಬರುವುದು ಅಷ್ಟು. ಕಾರು 60 ಮೀಟರ್ ಆಚೆ ಇದ್ದರೆ ಜೆಟ್ 200 ಮೀಟರ್ ಆಚೆ. "ಟಾಪ್ ಸವರಿಕೊಂಡು ಹೋಯ್ತು" ಎನ್ನುವ ಕಥೆ ಅಲ್ಲಿಗೆ ಮುಗಿಯಿತು, ಫೋಟೋ ಮಾತ್ರ ಅಸಲಿಯಾಗಿಯೇ ಉಳಿಯಿತು. ಎರಡೂ ಅಡ್ಡಕ್ಕೆ ನಿಂತಿರಬೇಕು ಎಂಬುದು ನೆನಪಿರಲಿ. ಮೂತಿ ನಮ್ಮ ಕಡೆ ತಿರುಗಿದ್ದರೆ ಉದ್ದದ ಬದಲು ರೆಕ್ಕೆಯ ಅಗಲ ಹಿಡಿಯಿರಿ. ಎಫ್-16ಕ್ಕೆ ಅದು ಸುಮಾರು 10 ಮೀಟರ್.

ಫೋನಿನಲ್ಲಿ ತೆಗೆದದ್ದು ಎಂದರೆ ಇನ್ನೂ ಸುಲಭ. ಮಾಮೂಲಿ ಫೋನಿನ ಮುಖ್ಯ ಕ್ಯಾಮೆರಾ ಸುಮಾರು 26 ಎಂಎಂ ಲೆನ್ಸಿಗೆ ಸಮ. ಅದರ ಚೌಕಟ್ಟಿನೊಳಗೆ ಬರುವ ಅಗಲ, ದೂರದ 1.4 ಪಟ್ಟು ಎಂದಿಟ್ಟುಕೊಳ್ಳಿ. ಜೆಟ್ ಚೌಕಟ್ಟಿನ ಅರ್ಧ ತುಂಬಿದ್ದರೆ ಒಟ್ಟು ಅಗಲ 30 ಮೀಟರ್, ಅಂದರೆ ಜೆಟ್ ಫೋನಿನಿಂದ ಸುಮಾರು 21 ಮೀಟರ್ ದೂರದಲ್ಲಿತ್ತು. ಝೂಮ್ ಮಾಡಿಲ್ಲ, ಕ್ರಾಪ್ ಮಾಡಿಲ್ಲ ಎಂದು ಮಾಲೀಕ ಆಣೆ ಮಾಡಿದರೆ ಈ 21 ಮೀಟರ್ ಲೆಕ್ಕ ಅವನ ಮುಂದಿಡಿ.

ನೆರಳು, ಬಾನೆಟ್, ಬಿಸಿಗಾಳಿ

"ಜೆಟ್ ಕೆಳಗೆ ನೆರಳೇ ಇಲ್ಲ, ಫೇಕ್!" ಬಹಳ ಜನ ಬಹಳ ಧೈರ್ಯದಿಂದ ಹೇಳುವ, ಬಹಳ ಸಲ ತಪ್ಪಾಗುವ ವಾದ ಇದು. ಸೂರ್ಯ 45 ಡಿಗ್ರಿ ಮೇಲಿದ್ದರೆ 50 ಮೀಟರ್ ಎತ್ತರದ ಜೆಟ್ಟಿನ ನೆರಳು ಬೀಳುವುದು 50 ಮೀಟರ್ ಆಚೆ, ಚೌಕಟ್ಟಿನ ಹೊರಗೆ. ಇನ್ನು ಎತ್ತರ ಹೆಚ್ಚಿದಷ್ಟೂ ನೆರಳಿನ ಅಂಚು ಕರಗುತ್ತದೆ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ಅಂಚಿನ ಮಸುಕು ದೂರದ ನೂರನೇ ಒಂದು ಭಾಗದಷ್ಟಿರುತ್ತದೆ. 30 ಮೀಟರ್‌ಗೆ 30 ಸೆಂ.ಮೀ., 1000 ಮೀಟರ್‌ಗೆ ಹತ್ತು ಮೀಟರ್, ಅಂದರೆ ಎಫ್-16ರ ರೆಕ್ಕೆಯಗಲವನ್ನೇ ನುಂಗುವಷ್ಟು. ಈ ಲೆಕ್ಕ ತಿರುಗಿಸಿಯೂ ಕೆಲಸಕ್ಕೆ ಬರುತ್ತದೆ. ಬಹಳ ಎತ್ತರದಲ್ಲಿರುವ ಜೆಟ್ಟಿಗೆ ಕತ್ತರಿಸಿಟ್ಟಂಥ ಚೂಪು ನೆರಳು ಕೊಟ್ಟಿದ್ದರೆ ಯಾರೋ ಕೈಯಾರೆ ಬಿಡಿಸಿದ್ದಾರೆ.

ನೆರಳಿಗಿಂತ ನನಗೆ ಬಾನೆಟ್ ಮೇಲೆ ನಂಬಿಕೆ. ಪಾಲಿಶ್ ಮಾಡಿದ ಕಪ್ಪು ಕಾರು ನಡೆದಾಡುವ ಕನ್ನಡಿ ಇದ್ದ ಹಾಗೆ. ಆಕಾಶದ ಹೊಳಪು, ಮರದ ಸಾಲು, ಕಂಬ ಎಲ್ಲವೂ ಅದರ ಮೈಮೇಲೆ ಬಾಗಿ ಬಿದ್ದಿರುತ್ತವೆ. ನಿಜಕ್ಕೂ ಜೆಟ್ ತಲೆ ಮೇಲಿದ್ದರೆ ಬಾನೆಟ್, ಟಾಪ್, ಹಿಂಗಾಜು ಇವುಗಳಲ್ಲಿ ಎಲ್ಲಾದರೂ ಒಂದು ಸಣ್ಣ, ಸೊಟ್ಟ, ಕಪ್ಪು ಗುರುತು ಸಿಗುವ ಸಾಧ್ಯತೆ ಹೆಚ್ಚು. ಜೆಟ್ ಅಂಟಿಸುವವರು ರೆಕ್ಕೆಯ ಅಂಚನ್ನು ಗಂಟೆಗಟ್ಟಲೆ ತಿದ್ದುತ್ತಾರೆ, ಬಾನೆಟ್ ಮರೆಯುತ್ತಾರೆ. ಗುರುತು ಸಿಕ್ಕಿದರೆ ಅಸಲಿಯ ಕಡೆ ದೊಡ್ಡ ಅಂಕ. ಸಿಗದಿದ್ದರೆ ತೀರ್ಪು ಕೊಡಬೇಡಿ, ಕ್ಯಾಮೆರಾದ ಕೋನಕ್ಕೆ ಆ ಪ್ರತಿಬಿಂಬ ಬೀಳದೆಯೂ ಇರಬಹುದು.

ಜೆಟ್ಟಿನ ಹಿಂಭಾಗದ ಗಾಳಿಯನ್ನೂ ನೋಡಿ. ಎಂಜಿನ್ ಬಿಟ್ಟ ಬಿಸಿಗಾಳಿಯ ಹಿಂದಿರುವ ಗುಡ್ಡ, ಮರ, ಕಟ್ಟಡ ನೀರಲ್ಲಿ ಅಲ್ಲಾಡಿದಂತೆ ಕದಡಿರಬೇಕು. ಹಿನ್ನೆಲೆ ಬರೀ ಆಕಾಶವಾದರೆ ಈ ಪರೀಕ್ಷೆ ಉಪಯೋಗಕ್ಕಿಲ್ಲ. ಹಾಗೆಯೇ ದೂರದ ಗುಡ್ಡ ಮಂಜಿನಲ್ಲಿ ಬಿಳಿಚಿಕೊಂಡಿದ್ದು, ಅದಕ್ಕೆ ಅಂಟಿಕೊಂಡು ಹಾರುತ್ತಿರುವ ಜೆಟ್ ಮಾತ್ರ ಕಡುಗಪ್ಪಾಗಿದ್ದರೆ ಕೇಳಿ: ಕ್ಯಾಮೆರಾಗೂ ಈ ಎರಡಕ್ಕೂ ನಡುವಿನ ಗಾಳಿ ಒಂದೇ ತಾನೆ?

ಅಂಚಿನ ಸುತ್ತ ಬಿಳಿ ಗೆರೆ ಕಂಡಿತು ಎಂದು ಕುಣಿಯಬೇಡಿ. ಈಗಿನ ಫೋನುಗಳು ತಾವೇ ಅಂಥ ಗೆರೆ ಎಳೆಯುತ್ತವೆ.

ವಿಚಿತ್ರ ಕಂಡದ್ದೆಲ್ಲ ಸುಳ್ಳಲ್ಲ

1988ರಲ್ಲಿ ಯುಎಸ್‌ಎಸ್ ಅಮೆರಿಕ ಹಡಗಿನ ಪಕ್ಕದಲ್ಲೇ ಅಮೆರಿಕ ನೌಕಾಪಡೆಯ ಪೈಲಟ್ ಡೇಲ್ ಸ್ನೋಡ್‌ಗ್ರಾಸ್ ತಮ್ಮ ಎಫ್-14 ಟಾಮ್‌ಕ್ಯಾಟ್ ಅನ್ನು ಪೂರ್ತಿ ಅಡ್ಡ ಮಲಗಿಸಿ ಹಾರಿಸಿದ ಫೋಟೋ ಇದೆ. ಡೆಕ್ ಮೇಲೆ ನಿಂತವರಿಗೆ ಕೈಗೆಟುಕುವಂತೆ ಕಾಣುತ್ತದೆ. ಅದನ್ನು ಮೊದಲ ಸಲ ನೋಡುವ ಹತ್ತರಲ್ಲಿ ಎಂಟು ಜನ "ಫೋಟೋಶಾಪ್" ಅನ್ನುತ್ತಾರೆ. ಫೋಟೋಶಾಪ್ 1.0 ಮಾರುಕಟ್ಟೆಗೆ ಬಂದದ್ದೇ 1990ರಲ್ಲಿ. ಚಿತ್ರ ಅಸಲಿ.

1983ರ ಮೇ 1ರಂದು ಇಸ್ರೇಲ್‌ನ ಪೈಲಟ್ ಜಿವಿ ನೆಡಿವಿ ಒಂದು ರೆಕ್ಕೆ ಪೂರ್ತಿ ಕಳಚಿಹೋದ ಎಫ್-15 ಅನ್ನು ನೆಲಕ್ಕಿಳಿಸಿದರು. ತರಬೇತಿಯಲ್ಲಿ ಎ-4 ಸ್ಕೈಹಾಕ್ ಜೊತೆ ಡಿಕ್ಕಿಯಾಗಿತ್ತು. ಎಫ್-15ರ ಅಗಲವಾದ ಒಡಲೇ ಬೇಕಾದಷ್ಟು ಎತ್ತುವ ಬಲ ಕೊಟ್ಟಿತು. ನೆಲದಲ್ಲಿ ನಿಂತ ಆ ಒಂಟಿ ರೆಕ್ಕೆಯ ವಿಮಾನದ ಫೋಟೋ ಕೂಡ ಅಸಲಿ.

ಜೆಟ್ಟಿನ ಬೆನ್ನು ಕಾಣುವಂತೆ ಮೇಲಿಂದ ತೆಗೆದ ಚಿತ್ರ ಬಂದಾಗ "ಡ್ರೋನ್ ಬಿಡೋಕೆ ಆಗುತ್ತಾ ಅಲ್ಲಿ?" ಎನ್ನುತ್ತಾರೆ. ಬೇಕಿಲ್ಲ. ವೇಲ್ಸ್‌ನ ಮ್ಯಾಕ್ ಲೂಪ್ ಕಣಿವೆಗಳಲ್ಲಿ ಜೆಟ್‌ಗಳು ನೆಲದಿಂದ 76 ಮೀಟರ್‌ವರೆಗೂ ಇಳಿದು ಹಾರುತ್ತವೆ, ಫೋಟೋದವರು ಗುಡ್ಡದ ಮೇಲೆ ಕೂತು ಕೆಳಕ್ಕೆ ನೋಡುತ್ತಾರೆ. ಹೆದ್ದಾರಿ ಮೇಲೆ ಫೈಟರ್ ನಿಂತ ಚಿತ್ರವೂ ಅಷ್ಟೆ. ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಇದು ಹಳೆಯ ಅಭ್ಯಾಸ. ಭಾರತದಲ್ಲೂ 2015ರ ಮೇ 21ರಂದು ಮಥುರಾ ಬಳಿ ಯಮುನಾ ಎಕ್ಸ್‌ಪ್ರೆಸ್‌ವೇ ಮೇಲೆ ಮಿರಾಜ್-2000 ಇಳಿದಿತ್ತು. ಎಫ್1 ಕಾರು, ಫೈಟರ್ ಜೆಟ್ ಒಂದೇ ರನ್‌ವೇಯಲ್ಲಿ ಪಕ್ಕಪಕ್ಕ ಇರುವ ಚಿತ್ರವೂ ಬರೀ ಕಲ್ಪನೆ ಅಂದುಕೊಳ್ಳಬೇಡಿ. 2003ರ ಡಿಸೆಂಬರ್‌ನಲ್ಲಿ ಇಟಲಿಯ ಗ್ರೊಸೆಟೊದಲ್ಲಿ ಮೈಕೆಲ್ ಶೂಮಾಕರ್ ಫೆರಾರಿಯಲ್ಲಿ ಯೂರೋಫೈಟರ್ ಟೈಫೂನ್ ಜೊತೆ ಓಡಿದರು. 600 ಮೀಟರ್ ಓಟ ಕಾರಿನದು, ಅದಕ್ಕಿಂತ ಉದ್ದದ ಓಟಗಳು ಜೆಟ್ಟಿನವು.

ವಿಮಾನದ ಮೈಕಟ್ಟಿನ ವಿಷಯಕ್ಕೂ ಇದೇ ಎಚ್ಚರ ಬೇಕು. ಎ-10 ದಾಳಿ ವಿಮಾನದ ಮುಂದಿನ ಚಕ್ರ ಮಧ್ಯದಲ್ಲಿಲ್ಲ, ಬಲಕ್ಕೆ ಸರಿದಿದೆ. ಮಧ್ಯದ ಜಾಗ ಅದರ ದೈತ್ಯ ಬಂದೂಕಿಗೆ ಬೇಕಿತ್ತು. ಎಫ್-16ರ ಬಂದೂಕಿನ ತೂತು ಎಡಗಡೆ ಮಾತ್ರ. ಇವನ್ನು "ಎಐ ತಪ್ಪು" ಎಂದು ಕೆಂಪು ವೃತ್ತ ಹಾಕಿ ತೋರಿಸಿದವರನ್ನು ಕಂಡಿದ್ದೇನೆ. ಹಾಗೆ ನೋಡಿದರೆ ಎಫ್-16ರ ತೂತು ಬಲಗಡೆ ಇದ್ದರೇ ಅನುಮಾನ ಪಡಬೇಕು. ಆಗಲೂ ಬಾಲದ ಅಕ್ಷರ ತಿರುವುಮುರುವಾಗಿದೆಯೇ ನೋಡಿ, ಬರೀ ಕನ್ನಡಿ ಮಾಡಿದ ಚಿತ್ರವೂ ಇರಬಹುದು.

ಎಐ ಮತ್ತು ಗೇಮ್

2022ರ ಫೆಬ್ರವರಿಯಲ್ಲಿ "ಕೀವ್‌ನ ಭೂತ" ಎಂಬ ಉಕ್ರೇನ್ ಪೈಲಟ್‌ನ ಸಾಹಸ ಎಂದು ಹರಿದಾಡಿದ ಒಂದು ವಿಡಿಯೊ ಡಿಸಿಎಸ್ ಎಂಬ ಸಿಮ್ಯುಲೇಟರ್ ಗೇಮ್‌ನದು. ಇಂಥವುಗಳಲ್ಲಿ ಜೆಟ್ಟನ್ನು ನೋಡುತ್ತಾ ಕೂರಬೇಡಿ, ಅದನ್ನು ಬಹಳ ಚೆನ್ನಾಗಿ ಮಾಡಿರುತ್ತಾರೆ. ಸುತ್ತಲಿನದನ್ನು ನೋಡಿ: ಹುಲ್ಲು, ಸಮುದ್ರದ ಅಲೆಯ ಒಂದೇ ನಮೂನೆ, ಟಯರ್ ನೆಲ ಮುಟ್ಟುವ ಜಾಗ.

ಎಐ ಚಿತ್ರದಲ್ಲಿ ಎಂಜಿನ್‌ಗೆ ಗಾಳಿ ಎಳೆದುಕೊಳ್ಳುವ ಎರಡು ಏರ್ ಇನ್‌ಟೇಕ್‌ಗಳ ಆಕಾರ, ರೆಕ್ಕೆ ಕೆಳಗಿನ ಕ್ಷಿಪಣಿಗಳ ಎಣಿಕೆ, ಅವು ನಿಜಕ್ಕೂ ಯಾವುದಕ್ಕಾದರೂ ಸಿಕ್ಕಿಸಿಕೊಂಡಿವೆಯೇ ಎಂಬುದು ಮೊದಲ ತಪಾಸಣೆ. ಕಾರಿನ ಕಡೆ ನಿಮ್ಮ ಕಣ್ಣು ಇನ್ನೂ ಚುರುಕು: ನಟ್ ಎಷ್ಟು, ನಾಲ್ಕು ಚಕ್ರದ ಅಲಾಯ್ ವಿನ್ಯಾಸ ಒಂದೇನಾ, ಆ ಹೆಡ್‌ಲ್ಯಾಂಪ್ ಆ ವರ್ಷದ ಮಾಡೆಲ್‌ನದೇನಾ. ಜೆಟ್ ಬಗ್ಗೆ ಜಗಳ ಕಾಯುತ್ತಾ ಕಾರಿನಲ್ಲೇ ಕಳ್ಳ ಸಿಕ್ಕಿಬೀಳುವುದುಂಟು. ಅಕ್ಷರ ಕಲಸಿಹೋಗಿದೆ ಎಂಬುದೊಂದನ್ನೇ ಹಿಡಿದು ಕೂರಬೇಡಿ. ಫೋನಿನ ದೂರದ ಝೂಮ್ ಕೂಡ ಅಸಲಿ ನಂಬರನ್ನು ಗೀಚು ಮಾಡಿಬಿಡುತ್ತದೆ.

ಕೊನೆಗೆ, ಮೂಲ ಕಡತ ಕೇಳಿ

"ನಾನೇ ತೆಗೆದಿದ್ದು" ಎನ್ನುವವರು ನಿಮ್ಮ ನಡುವೆಯೇ ಇದ್ದರೆ ಕೆಲಸ ಹಗುರ. ಮರ್ಯಾದೆಯಿಂದಲೇ ಕೇಳಿ: "ಅಣ್ಣ, ಇದರ ಹಿಂದಿನದು, ಮುಂದಿನದು ಇದೆಯಾ?" ಜೆಟ್ ಹಾದುಹೋಗುವಾಗ ಒಂದೇ ಒಂದು ಕ್ಲಿಕ್ ಮಾಡಿ ಸುಮ್ಮನಾಗುವವರು ಅಪರೂಪ. ಒತ್ತಿದ ಬಟನ್ ಬಿಡುವುದೇ ಇಲ್ಲ, ಹತ್ತಿಪ್ಪತ್ತು ಫ್ರೇಮ್ ಇರುತ್ತವೆ. ಅವುಗಳಲ್ಲಿ ಕಾರು ಎಷ್ಟು ಸರಿದಿದೆ, ಜೆಟ್ ಎಷ್ಟು ಸರಿದಿದೆ ಹೋಲಿಸಿದರೆ ಮೇಲಿನ ಲೆಕ್ಕಗಳೆಲ್ಲ ತಾವಾಗಿ ಉತ್ತರ ಕೊಡುತ್ತವೆ. ಕ್ಯಾಮೆರಾ ತಿದ್ದದೆ ಉಳಿಸಿದ ರಾ ಕಡತ ಇದ್ದರೆ ಇನ್ನೂ ಒಳ್ಳೆಯದು. ಕೊಡಲು ಮನಸ್ಸಿಲ್ಲದಿದ್ದರೆ ಬಲವಂತ ಬೇಡ, ಹಾಗೆಂದು ಅದನ್ನೇ ತಪ್ಪೊಪ್ಪಿಗೆ ಎಂದು ಸಾರಲೂ ಬೇಡಿ.

ತೀರ್ಪು ಹೇಳುವಾಗ ಎರಡು ತುಂಡು ಮಾಡಿ ಹೇಳಿ: ಚಿತ್ರ ಹೇಗೆ, ಕಥೆ ಹೇಗೆ. "ಚಿತ್ರ ಅಸಲಿ, ಕ್ರಾಪ್ ಆಗಿದೆ, ತಲೆ ಮೇಲೆ ಹೋಯ್ತು ಎನ್ನುವುದು ಸುಳ್ಳು, ಇದ್ದದ್ದು 200 ಮೀಟರ್ ಆಚೆ." ಇಬ್ಬರಿಗೂ ಏನೋ ಒಂದು ದಕ್ಕಿತು. ಏನೂ ಇತ್ಯರ್ಥವಾಗದಿದ್ದರೆ ಯಾವ ಸಾಕ್ಷಿ ಬಾಕಿ ಇದೆ ಎಂದು ಬರೆದಿಟ್ಟು, ಮೂಲ ಕಡತ ಸಿಗುವವರೆಗೆ ಮುಂದೂಡಿ. ಅಷ್ಟರಲ್ಲಿ ಅದೇ ಫೋಟೋದ ಕಾರಿಗಿರುವ ಸ್ಪಾಯ್ಲರ್ ಕಂಪನಿಯದೋ, ಹೊರಗೆ ಹಾಕಿಸಿದ್ದೋ ಎಂದು ಯಾರಾದರೂ ಎತ್ತಿಯೇ ಎತ್ತುತ್ತಾರೆ.